ತಾರೀಖಬಾಯಿ

ಜೇವರ್ಗಿಯ ಭಾಗ್ಯಾ ಕಲಬುರಗಿಯಲ್ಲಿ ವಕೀಲಿ ಓದಿ, ಕರಿ ಕೋಟು ಹೊಲಿಸಿಕೊಂಡು, ಆಳಂದ ಕೋರ್ಟಿನ ಹಿರಿಯ ವಕೀಲ ಗುರುಶಾಂತರ ಕೈಕೆಳಗೆ ಜೂನಿಯರ್ ಆಗಿ ಸೇರಿದಳು. ಅವರಿಗೆ ದೊಡ್ಡ ದೊಡ್ಡ ಜಮೀನಿನ ಕೇಸುಗಳು ಕಲಬುರಗಿಯಲ್ಲಿ. ಆಳಂದದ ಸಣ್ಣ ಕೇಸಿನ ಪೇಶಿ, ಅಂದರೆ ವಿಚಾರಣೆಯ ದಿನ, ಬಂದರೆ ಭಾಗ್ಯಾ ಎದ್ದು ನಿಂತು ಒಂದೇ ಮಾತು ಹೇಳಬೇಕು: "ಸೀನಿಯರ್ ಊರಾಗಿಲ್ಲ ಸರ್, ಬ್ಯಾರೆ ತಾರೀಖು ಕೊಡ್ರಿ."

ಇದಕ್ಕೆ ಕಲಿಕೆ ಅನ್ನುತ್ತಾರಂತೆ! ಗೌಂಡಿ ಕೆಲಸಕ್ಕೆ ಬಂದ ಹುಡುಗನ ಕೈಗೂ ನಾಲ್ಕು ದಿನಕ್ಕೆ ಕರಣಿ ಕೊಡುತ್ತಾರೆ.

ಬಾರ್ ರೂಮಿನವರು ಆಕೆಗೆ ತಾರೀಖಬಾಯಿ ಎಂದು ಹೆಸರಿಟ್ಟರು.

"ಏನ್ ತಾರೀಖಬಾಯಿ, ಇವತ್ತ ಎಷ್ಟ ತಂದಿ?"

"ನಿಮಗೂ ಬೇಕಂದ್ರ ಒಂದು ತಂದು ಕೊಡ್ತೇನ್ರಿ ಅಣ್ಣಾ," ಎಂದು ಭಾಗ್ಯಾ ನಗುತ್ತಿದ್ದಳು. ಮೊದಮೊದಲು.

ಜೊತೆಗೆ ಓದಿದ ಮಿನಾಜ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಲು ಹೋಗಿದ್ದಳು. ಒಮ್ಮೆ ಫೋನಿನಲ್ಲಿ ಗೋಳಾಡಿದಳು. "ಇಲ್ಲಿ ಮೊದಲ ಆರು ತಿಂಗಳ ಸೀನಿಯರ್ ಹಿಂದ ಕುಂತು ಬರೇ ನೋಡೂದು ಬೇ. ಕೋರ್ಟಿನ್ಯಾಗ ಬಾಯಿ ತೆರೆಯಂಗಿಲ್ಲ. ಆಮ್ಯಾಲ ನಮ್ಮ ಕೇಸು ನಾವ ನಡಸಬೇಕು."

"ನಮಗ ಮೊದಲ ದಿನದಿಂದ ಬಾಯಿ ತೆರೆಯೋ ಹಕ್ಕದ," ಎಂದಳು ಭಾಗ್ಯಾ. "ಹಕ್ಕು ಅಷ್ಟ ಅದ."

ಆ ಸಣ್ಣ ಕೇಸುಗಳಲ್ಲಿ ಒಂದು ಅತನೂರಿನ ಚಾಂದಬೀಯದು. ಮಗಳು ಜಡ್ಡಾಗಿ ತೀರಿಕೊಂಡಳು. ಅಳಿಯ ಮಸೂದ ಆಳಂದದಲ್ಲಿ ಇನ್ನೊಂದು ಮದುವೆಯಾಗಿ, ಅತ್ತೆಗೆ ಬಾಗಿಲು ಮುಚ್ಚಿದ. ಒಳಗೆ ಉಳಿದವಳು ಮೊಮ್ಮಗಳು ಮೆಹರು, ಆಗ ಮೂರು ವರ್ಷದವಳು. ತಿಂಗಳಿಗೊಮ್ಮೆ ಕೂಸಿನ ಮುಖ ನೋಡಲು ಬಿಡಿ ಎಂಬುದಷ್ಟೇ ಚಾಂದಬೀಯ ಕೇಸು.

ಪ್ರತಿ ಪೇಶಿಗೂ ಆಕೆ ಬಸ್ಸು ಹಿಡಿದು ಬರುವಳು. ಸೆರಗಿನಡಿ ಒಂದು ಡಬ್ಬಿ. ಚಪಾತಿ ಮುರಿದು ಬೆಲ್ಲ, ತುಪ್ಪ ಹಾಕಿ ಹಿಸುಕಿದ ಮಲೀದ. ಮೆಹರುವಿಗೆ ಅದೆಂದರೆ ಜೀವ. ಕೋರ್ಟು ಇವತ್ತೇ ಕೂಸನ್ನು ಕರೆಸಿಬಿಟ್ಟರೆ?

ಭಾಗ್ಯಾ ಹೊರಬಂದು, "ತಾರೀಖು ಸಿಕ್ತ್ರಿ ಖಾಲಾ," ಎನ್ನುವಳು.

"ಸಿಕ್ತಾ? ಅಲ್ಲಾ ನಿನಗ ಚಲೋ ಮಾಡ್ಲಿ ಬೇಟಿ!" ತಾರೀಖು ಸಿಗುವುದೆಂದರೆ ಒಂದು ಮೆಟ್ಟಿಲು ಗೆದ್ದಂತೆ ಎಂದೇ ಮುದುಕಿ ತಿಳಿದಿದ್ದಳು. "ಪೋರಿ ಬರಲಿಲ್ಲ. ತಗೋ, ನೀನ ತಿನ್ನು."

ಭಾಗ್ಯಾ ತಿನ್ನುತ್ತಿದ್ದಳು. ತಾರೀಖು ಕೇಳಿ ಕೇಸು ಮುಂದೂಡಿಸಿದವಳು ತಾನೇ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಮಸೂದನ ವಕೀಲರಂತೂ ಒಮ್ಮೆಯೂ ತಕರಾರು ಮಾಡಲಿಲ್ಲ. ಯಾಕೆ ಮಾಡುತ್ತಾರೆ? ಹೊತ್ತು ಕಳೆದಷ್ಟೂ ಅವರಿಗೇ ಲಾಭ.

ಹೀಗೆ ವರ್ಷಗಳು ಹೋದವು. ಮೆಹರು ಸಾಲೆಗೆ ಸೇರಿದಳಂತೆ ಎಂದು ಯಾರೋ ಹೇಳಿದ್ದನ್ನೇ ಚಾಂದಬೀ ಊರಿಡೀ ಹೇಳಿಕೊಂಡು ತಿರುಗಿದಳು.

ಹೊಸ ನ್ಯಾಯಾಧೀಶರು ಬಂದರು. ಭಾಗ್ಯಾ ಎದ್ದು ಅದೇ ಮಾತು ಹೇಳಿದಳು. ಅವರು ಫೈಲು ತಿರುವಿ, "ವಕಾಲತ್ತಿನ ಕಾಗದದಲ್ಲಿ ಸೀನಿಯರ್ ಜೊತೆ ನಿಮ್ಮ ಸಹಿಯೂ ಇದೆಯಲ್ಲಮ್ಮ? ಇನ್ನು ತಾರೀಖಿಲ್ಲ. ನೀವೇ ವಾದ ಮಾಡಿ," ಎಂದರು.

ಭಾಗ್ಯಾ ಅಲ್ಲಿಯವರೆಗೆ ವಾದ ಮಾಡಿದವಳೇ ಅಲ್ಲ. ಆದರೆ ಈ ಕೇಸಿನಲ್ಲಿ ಆಕೆಗೆ ಬಾಯಿಪಾಠವಾಗದ ಹಾಳೆ ಒಂದೂ ಇರಲಿಲ್ಲ. ಮಾತಾಡಿದಳು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ತಿಂಗಳಿಗೊಮ್ಮೆ ಅಜ್ಜಿಗೆ ಕೂಸನ್ನು ತೋರಿಸಬೇಕು, ಮೊದಲ ಭೇಟಿ ಕೋರ್ಟಿನ ಕಟ್ಟೆಯ ಮೇಲೆ ಆಗಲಿ ಎಂದು ಹುಕುಂ ಆಯಿತು.

ಇಷ್ಟೇ ಕೆಲಸ. ಇದನ್ನು ಮೊದಲ ಪೇಶಿಯ ದಿನವೇ ಮಾಡಬಹುದಿತ್ತು. ಅವತ್ತೂ ಆ ಸಹಿ ಅಲ್ಲೇ ಇತ್ತು.

ಭೇಟಿಯ ದಿನ ಮಸೂದ ಮಗಳ ಕೈಹಿಡಿದು ಬಂದ. ಎರಡು ಜಡೆ, ಸಾಲೆಯ ಅಂಗಿ, ಎತ್ತರದ ಹುಡುಗಿ. ಚಾಂದಬೀ ಡಬ್ಬಿ ತೆರೆದು, ಮನೆಮಾತಾದ ಉರ್ದುವಿನಲ್ಲಿ, "ಆಜಾ ಬೇಟಾ, ಮಲೀದ ಲಾಯಿ," ಎಂದು ಕೈಚಾಚಿದಳು.

ಮೆಹರು ಅಪ್ಪನ ಹಿಂದೆ ಸರಿದಳು. ಹೊರಗಿನವರೊಂದಿಗೆ ಮಾತಾಡುವಂತೆ ಕನ್ನಡದಲ್ಲಿ, ಬಲು ಮರ್ಯಾದೆಯಿಂದ, "ಬ್ಯಾಡ್ರಿ. ನೀವು ಯಾರ್ರಿ?" ಎಂದಳು.

ಚಾಂದಬೀಯ ಕೈ ಹಾಗೇ ನಿಂತಿತು. ಮಸೂದನೂ ತಲೆ ತಗ್ಗಿಸಿದ.

ಕೊಟ್ಟ ಹೊತ್ತು ಮುಗಿದು ಅವರು ಹೋದರು. ಹುಡುಗಿ ತಿರುಗಿ ನೋಡಲಿಲ್ಲ. ಬಾರ್ ರೂಮಿನ ಬಾಗಿಲಿನಿಂದ ಯಾರೋ ಕೂಗಿದರು: "ತಾರೀಖಬಾಯಿ, ಗೆದ್ದೀಯಂತ ಬಿಡು! ಚಹಾ ಕುಡಸು!"

ಭಾಗ್ಯಾ ಕಟ್ಟೆಯ ಮೇಲೆ ಚಾಂದಬೀಯ ಪಕ್ಕ ಕುಳಿತಳು.

ಚಾಂದಬೀ ಆಕೆಯ ಕಡೆ ಡಬ್ಬಿ ಸರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. "ಪೋರಿ ಒಲ್ಲೆ ಅಂತಾಳ. ತಗೋ ಬೇಟಿ, ನೀನ ತಿನ್ನು."

ಭಾಗ್ಯಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.