ಬಿಸಿಲಿಗೆ ಮುಖ ಮಾಡಿದ ತಂಗುದಾಣ

ನಾನು ಶಾಲೆ ಬೇಗ ಬಿಟ್ಟವಳು. ಅಣ್ಣ ಓದಿ ಇಂಜಿನಿಯರ್ ಆದ. ಎಪ್ಪತ್ತರ ದಶಕದಲ್ಲಿ, ದೇವದುರ್ಗದ ದಾರಿಯಲ್ಲಿ ಅವನು ನಕ್ಷೆ ಹಾಕಿ ಕಟ್ಟಿಸಿದ ಬಸ್ ತಂಗುದಾಣದೊಳಕ್ಕೆ ಮಧ್ಯಾಹ್ನದ ಬಿಸಿಲು ನೇರ ನುಗ್ಗುತ್ತಿತ್ತು. ನೆರಳು ಗೋಡೆಯ ಹಿಂದೆ ಬೀಳುತ್ತಿತ್ತು. ಜನ ಅಲ್ಲಿ ನಿಂತು, ಬಸ್ಸು ಬಂದದ್ದು ಕಾಣದೆ ಆಮೇಲೆ ಓಡುತ್ತಿದ್ದರು.

ರಜೆ ಇದ್ದಾಗ ಅಣ್ಣ ರಾಯಚೂರಿನಿಂದ ಹೋಗಿ ಆ ಬಿಸಿಲಲ್ಲೇ ಕೂರುವನು. ಎದುರಿನ ಹೊಲದ ಮೇಲೆ ಝಳ ನೀರಿನಂತೆ ನಡುಗುತ್ತಿರುತ್ತಿತ್ತು. ಅಂಗೈ ಚಾಚಿ, ಅದರ ನೆರಳನ್ನು ಅತ್ತಿತ್ತ ಸರಿಸುತ್ತ, ನಿದ್ದೆಯಲ್ಲಿ ಮಾತಾಡಿದ ಹಾಗೆ, "ಯಾಕ ಹಿಂಗ ನಕ್ಷಾ ತೆಗದೆ ನಾನು?" ಅನ್ನುವನು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಗೋಡೆಯ ಮೂಲೆಯ ನೆರಳಿಗೆ, ಹೆಂಗಸರ ನಡುವೆ ನಿಂತಿದ್ದೆ.

"ಇದನ್ನ ಕಟ್ಟಿಸಿದಾಂವಗ ಸೂರ್ಯ ಯಾವ ಕಡಿ ಮುಳುಗ್ತಾನ ಅಂಬೋದು ಗೊತ್ತಿಲ್ಲೇನು?" ಎಂದಳು ಒಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಬಿಸಿಲಾಗ ಕುಂತಾನಲ್ಲ, ಅಂವ ನಿಮ್ಮ ಪೈಕಿ ಏನ್ರಿ?" ಎಂದು ಅವಳು ನನ್ನನ್ನು ಕೇಳಿದಳು.

"ಅಲ್ರಿ, ಯಾರೋ ಏನೋ" ಅಂದೆ.

ಅಣ್ಣನ ಅಂಗೈ ನಿಂತುಬಿಟ್ಟಿತು.

ಬಸ್ಸು ಬಂತು, ಎಲ್ಲರೂ ಹತ್ತಿದೆವು. ಅಣ್ಣನ ಪಕ್ಕದ ಸೀಟೊಂದೇ ಖಾಲಿ ಇತ್ತು. ಆ ಹೆಂಗಸರು ನೋಡುತ್ತಿದ್ದರು. ಅವನು ಕಿಟಕಿಯ ಕಡೆ ಸರಿದು, ಗುರುತಿಲ್ಲದವಳಿಗೆ ಹೇಳುವಂತೆ ಮೆಲ್ಲಗೆ ಹೇಳಿದ:

"ಬರ್ರಿ ಅಕ್ಕಾರ, ಕುಂದರ್ರಿ."