ಪ್ಲಾಸ್ಟಿಕ್ ಹೊದ್ದ ಕೊಸರು

ಬಿರಾಗೊ ಆಂಟಿಯ ಬಲಗೈ ಅವರ ಮಾತು ಕೇಳುತ್ತಿರಲಿಲ್ಲ. ತರಕಾರಿ ಚೀಲಕ್ಕೆ ಸುರಿದು, ದುಡ್ಡು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೂ ಆ ಕೈ ತಾನಾಗಿ ರಾಶಿಯತ್ತ ಹೋಗಿ, ಎರಡು ಮೆಣಸಿನಕಾಯನ್ನೋ ಒಂದು ಗುಂಡು ಬದನೆಯನ್ನೋ ಎತ್ತಿ ಚೀಲದೊಳಕ್ಕೆ ಹಾಕಿಬಿಡುತ್ತಿತ್ತು. ನಮ್ಮೂರು ಕೊಫೊರಿಡುವಾದ ಪೇಟೆಯಲ್ಲಿ ಕೊಸರು ಕೊಡದೆ ಯಾರೂ ವ್ಯಾಪಾರ ಮಾಡುವುದಿಲ್ಲ. ಆದರೆ ಬಿರಾಗೊ ಆಂಟಿಯ ಕೊಸರಿನ ಜೊತೆ ಒಂದು ಬೈಗುಳವೂ ಸಿಗುತ್ತಿತ್ತು.

"ತಗೊಂಡ್ ಹೋಗೇ. ನಿನ್ ಗಂಡನ ಕೆನ್ನೆ ನೋಡಿದ್ರೆ ನೀನು ಸಾರಿಗೆ ಬರೀ ನೀರೇ ಹಾಕ್ತೀಯ ಅನ್ಸುತ್ತೆ!"

ಬೈಸಿಕೊಂಡವಳು ಮಾರನೆಯ ದಿನ ನೆರೆಮನೆಯವಳನ್ನೂ ಕರೆದುಕೊಂಡು ಬರುತ್ತಿದ್ದಳು.

ಅವರ ಮರದ ಅಂಗಡಿ ಇದ್ದದ್ದು ಪೇಟೆಯ ತಗ್ಗಿನಲ್ಲಿ, ಚರಂಡಿಯ ಪಕ್ಕ. ಹೋದ ವರ್ಷ ಜೂನಿನ ಮಳೆಗೆ ಚರಂಡಿ ಕಟ್ಟಿಕೊಂಡು ನೀರು ಒಳನುಗ್ಗಿತು. ಬೆಂಡೆ, ಕೆಸುವಿನೆಲೆ ತೇಲಿ ಹೋದವು. ಅವುಗಳ ಬದಲಿಗೆ ತೇಲಿ ಬಂದವು ಬಿಳಿಯ ಥರ್ಮೋಕೋಲ್ ತಟ್ಟೆಗಳು, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳು. ಬೆಳಗಾಗುವಷ್ಟರಲ್ಲಿ ಅಂಗಡಿಯ ಕಾಲುಗಳು ಕುಸಿದಿದ್ದವು.

ನಾನು ಗಲ್ಲಾದಲ್ಲಿ ಕೂರುವ ಸೂಪರ್ ಮಾರ್ಕೆಟ್ಟಿಗೆ ಆಂಟಿ ಬಂದದ್ದು ಹಾಗೆ. ನಮ್ಮ ಮ್ಯಾನೇಜರ್ ಅಪೆಂಟೆಂಗ್ ಸಾರ್ ಊರಿನ ತರಕಾರಿಗೂ ಒಂದು ಮೂಲೆ ಇರಲೆಂದು ಅವರನ್ನು ಕೆಲಸಕ್ಕೆ ಸೇರಿಸಿಕೊಂಡರು. ತಲೆಯ ಮೇಲೆ ಸೂರು, ಕಾಲ ಕೆಳಗೆ ಒಣ ನೆಲ. ಮೊದಲ ದಿನ ಆಂಟಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದೇ ಒಳಗೆ ಬಂದರು.

ಅವರ ಮುಂದೆ ಥರ್ಮೋಕೋಲ್ ತಟ್ಟೆಗಳ ಕಟ್ಟನ್ನು ಇಟ್ಟಾಗ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಓಹೋ, ನೀವಾ! ನಮ್ಮಂಗಡಿಗೆ ಬಂದಿದ್ರಲ್ಲ, ಮಳೇಲಿ," ಅಂದರು.

ಪಕ್ಕದ ಕಪಾಟಿನಲ್ಲಿ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಮರಸೇಬುಗಳು ಒಂದೊಂದೂ ಬಲೆಯ ಅಂಗಿ ತೊಟ್ಟು ಕೂತಿದ್ದವು. "ಪಾಪ, ಇವಕ್ಕೆ ಚಳಿ," ಎಂದು ಆಂಟಿ ಮರುಗಿದರು.

ನಿಯಮ ಸರಳವಾಗಿತ್ತು. ಬೆಳಿಗ್ಗೆ ತರಕಾರಿಯನ್ನು ತಟ್ಟೆಗೆ ಹಾಕಿ, ತೂಗಿ, ಪ್ಲಾಸ್ಟಿಕ್ ಬಿಗಿದು, ಚೀಟಿ ಅಂಟಿಸಬೇಕು. ಆಮೇಲೆ ಯಾರೂ ಮುಟ್ಟುವಂತಿಲ್ಲ. ಆಂಟಿ ಅಂದವಾಗಿಯೇ ಕಟ್ಟುತ್ತಿದ್ದರು. ಗಿರಾಕಿ ಬಂದಾಗ ಮಾತ್ರ ಬಲಗೈ ಎದ್ದು, ಪಕ್ಕದ ತಟ್ಟೆಯ ಹೊದಿಕೆ ಹರಿದು ಎರಡು ಮೆಣಸಿನಕಾಯಿ ಕಿತ್ತುಕೊಡುತ್ತಿತ್ತು. ಹರಿದ ತಟ್ಟೆಗಳು ದಿನೇ ದಿನೇ ಹೆಚ್ಚಾದವು.

ಒಂದು ದಿನ ಸಾರ್ ಒಂದು ಹರಿದ ತಟ್ಟೆ ಹಿಡಿದುಕೊಂಡು ಬಂದರು. "ಆಂಟಿ, ನಾನೂ ಮೇಲಿನವರಿಗೆ ಉತ್ತರ ಹೇಳ್ಬೇಕು. ಇನ್ನೊಂದು ತಟ್ಟೆ ಹರಿದ್ರೆ ಈ ಮೂಲೆ ಮುಚ್ಚಬೇಕಾಗುತ್ತೆ. ನಿಮ್ಮನ್ನ ಇಟ್ಕೊಳ್ಳೋಕಾಗಲ್ಲ."

ಅಂದಿನಿಂದ ಆಂಟಿ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತರು. ಬೈಗುಳವೂ ನಿಂತುಹೋಯಿತು. ಕೊಸರಿಲ್ಲದೆ ಯಾರನ್ನು ಏನೆಂದು ಬೈಯುವುದು? ಹೆಂಗಸರು ಬಂದು ತಟ್ಟೆ ತಿರುಗಿಸಿ ನೋಡಿ, ಕೆಳಗಿಟ್ಟು, ಪೇಟೆಯ ಕಡೆ ನಡೆದರು. ಬದನೆಗಳು ಪ್ಲಾಸ್ಟಿಕ್ಕಿನೊಳಗೆ ಬೆವರಿ ಕಪ್ಪಾದವು.

ವ್ಯಾಪಾರ ಬಿದ್ದದ್ದು ಸಾರ್‌ಗೂ ಕಂಡಿತು. ಅವರು ಕೆಟ್ಟವರಲ್ಲ. ಒಂದು ರಾತ್ರಿಯೆಲ್ಲ ಯೋಚಿಸಿ ಅವರು ಕಂಡುಕೊಂಡ ಉಪಾಯವನ್ನು ನೆನೆದರೆ ಈಗಲೂ ನನಗೆ ನಗು ತಡೆಯುವುದಿಲ್ಲ. ಕೊಸರನ್ನೂ ಕಟ್ಟಿಸಿದರು. ಪುಟ್ಟ ತಟ್ಟೆ, ಅದರಲ್ಲಿ ಮೂರು ಮೆಣಸಿನಕಾಯಿ, ಮೇಲೆ ಪ್ಲಾಸ್ಟಿಕ್, ಅದರ ಮೇಲೆ ‘ಕೊಸರು, ಉಚಿತ’ ಎಂಬ ಚೀಟಿ. ಬೆಲೆಯಿಲ್ಲದ ಆ ಚೀಟಿಯನ್ನು ನನ್ನ ಬಿಲ್ಲಿನ ಯಂತ್ರ ಒಪ್ಪದೆ ಪ್ರತಿಸಲವೂ ಕಿರುಚಿತು. ಬೆಳಗಿನಿಂದಲೇ ಸಾಲು ಬಾಗಿಲು ದಾಟಿತು.

ಆ ಸಾಲಿನ ಪಕ್ಕದಿಂದ ತಲೆಯ ಮೇಲೆ ಬೋಗುಣಿ ಹೊತ್ತ ಒಬ್ಬ ಅಜ್ಜಿ ಬಂದು ಆಂಟಿಯ ಮುಂದೆ ನಿಂತರು. ಅವರು ಅಪೆಂಟೆಂಗ್ ಸಾರ್ ಅವರ ತಾಯಿ ಎಂದು ನಮಗಾರಿಗೂ ಗೊತ್ತಿರಲಿಲ್ಲ.

"ಏನಮ್ಮಾ ಇದು?" ಅಜ್ಜಿ ಪುಟ್ಟ ತಟ್ಟೆಯನ್ನು ಎತ್ತಿ ಹಿಡಿದರು. "ಯಾರು ಸತ್ತಿದ್ದು? ಹೆಣ ಸುತ್ತಿದ ಹಾಗೆ ಸುತ್ತಿದೀರಲ್ಲ!"

"ಕೊಸರು, ತಾಯಿ."

"ಕೇಳೋಕ್ ಮುಂಚೇನೇ ಕೊಟ್ರೆ ಅದು ಕೊಸರಾ? ನಾನು ಕೇಳ್ಬೇಕು, ನೀನು ಇಲ್ಲ ಅನ್ಬೇಕು, ನಾನು ಹೊರಡ್ಬೇಕು, ನೀನು ಕರೀಬೇಕು. ಎಲ್ಲಿ, ಕೈಯಾರೆ ಹಾಕು ನೋಡೋಣ." ಬೋಗುಣಿ ಮುಂದೆ ಬಂತು.

ಆಂಟಿಯ ಬಲಗೈ ತಟ್ಟೆಗಳತ್ತ ಎಳೆಯಿತು. ಎಡಗೈ ಬಿಡಲಿಲ್ಲ. "ಆಗಲ್ಲ ತಾಯಿ."

"ಅಯ್ಯೋ, ಇಷ್ಟು ದಪ್ಪ ಕೈ, ಇಷ್ಟು ಜಿಪುಣತನ! ನಿನ್ನನ್ನ ಹೆತ್ತೋರು ಉಪ್ಪಿಲ್ದೆ ಉಣ್ತಿದ್ರಾ?"

ಸಾಲಿನವರು ನಕ್ಕರು. ಕೈ ಕಟ್ಟಿದ್ದು ಯಾರೆಂದು ಆಂಟಿ ಹೇಳಬಹುದಿತ್ತು; ಅವರು ನೆಲ ನೋಡುತ್ತ ನಿಂತರು. ಸಾರ್ ಕಂಬದ ಪಕ್ಕದಲ್ಲೇ ಇದ್ದರು. ಒಂದು ಹೆಜ್ಜೆ ಅದರ ಮರೆಗೆ ಸರಿದರು.

"ಕ್ವಾಕು!" ಅಜ್ಜಿ ಅವರನ್ನು ಕಂಡು ಕೂಗಿದರು. ಮನೆಯಲ್ಲಿ ಸಾರ್‌ನ ಕರೆಯುವ ಆ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. "ಇಲ್ಲೇ ಇದೀಯಾ? ನೋಡೋ, ನಿನ್ನ ಅಂಗಡೀಲಿ ನಿನ್ನಮ್ಮನ್ನ ಬರಿಗೈಲಿ ಕಳಿಸ್ತಾರೆ. ಕೊಸರು ಕೇಳಿ ಕೇಳಿ ನಿನ್ನ ಸಾಕಿದೀನಿ ನಾನು."

ಸಾರ್ ಕಂಬದ ಮರೆಯಿಂದ ಬಂದು, ಪುಟ್ಟ ತಟ್ಟೆಯ ಪ್ಲಾಸ್ಟಿಕ್ಕನ್ನು ತಾವೇ ಹರಿದು, ಮೆಣಸಿನಕಾಯಿಗಳನ್ನು ಬೋಗುಣಿಗೆ ಸುರಿದರು. ಖಾಲಿ ತಟ್ಟೆ ಅವರ ಕೈಯಲ್ಲೇ ಉಳಿಯಿತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಸುತ್ತ ನೋಡಿದರು.

"ಚರಂಡಿಗೆ ಹಾಕಿ ಸಾರ್, ದಾರಿ ಅದಕ್ಕೇ ಗೊತ್ತು," ಅಂದರು ಬಿರಾಗೊ ಆಂಟಿ. ಮೆಲ್ಲಗೆ ಅಂದ ಆ ಮಾತು ಎಲ್ಲರಿಗೂ ಕೇಳಿಸಿತು.

ಸಾರ್ ನಕ್ಕುಬಿಟ್ಟರು. "ಕೈ ಬಿಡಿ ಆಂಟಿ," ಅಂದರು.

ಎಡಗೈ ಸಡಿಲವಾಯಿತು. ಬಲಗೈ ಎಷ್ಟು ದಿನದ ಹಸಿವೆಯೋ ಎಂಬಂತೆ ಬದನೆಗಳತ್ತ ಹಾರಿತು. ಸಾಲು ಮುರಿದು ಎಲ್ಲರೂ ಅಲ್ಲಿಗೆ ಓಡಿದರು. ನನ್ನ ಯಂತ್ರದ ಮುಂದೆ ಯಾರೂ ಉಳಿಯಲಿಲ್ಲ.

ಈಗ ಆ ಮೂಲೆಯಲ್ಲಿ ಬುಟ್ಟಿಗಳಿವೆ. ಬೋಗುಣಿಯೋ ಚೀಲವೋ ತಂದವರಿಗೆ ಕೊಸರು. ತಟ್ಟೆಯೇ ಬೇಕೆನ್ನುವವರಿಗೆ ತಟ್ಟೆ ಮಾತ್ರ. ತಟ್ಟೆ ತರಿಸುವ ಖರ್ಚು ಉಳಿದದ್ದು ಕೊಸರಿಗೆ ಸರಿಹೋಯಿತೆಂದು ಸಾರ್ ಮೇಲಿನವರಿಗೆ ಬರೆದರಂತೆ. ಮರಸೇಬುಗಳು ಇನ್ನೂ ಅಂಗಿ ತೊಟ್ಟೇ ಬರುತ್ತವೆ. ನಮ್ಮ ಬಾಗಿಲ ಮುಂದಿನಿಂದಲೇ ಪೇಟೆಗಿಳಿಯುವ ಚರಂಡಿ ಪೂರ್ತಿ ಚೊಕ್ಕಟವಾಯಿತೆಂದಲ್ಲ. ಈ ಜೂನಿನ ಮೊದಲ ಮಳೆಗೆ ಆಂಟಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡಿದರು. "ಹೋಗ್ತಿದೆ ಕಣೇ, ನೀರು ಹೋಗ್ತಿದೆ," ಎಂದು ನನ್ನನ್ನು ಕೂಗಿ ಕರೆದರು.

ಗುರುವಾರಗಳಂದು ಅಜ್ಜಿ ಬರುತ್ತಾರೆ. ಕೇಳುತ್ತಾರೆ, ಇಲ್ಲವೆನ್ನಿಸಿಕೊಳ್ಳುತ್ತಾರೆ, ಮುನಿದು ಬಾಗಿಲ ತನಕ ನಡೆಯುತ್ತಾರೆ.

"ಬಾರಮ್ಮಾ, ಬಾ! ನಿನ್ನ ಮಗನ ಕೆನ್ನೆಗಾದ್ರೂ ಸ್ವಲ್ಪ ತಗೊಂಡ್ ಹೋಗು!"

ಅಜ್ಜಿ ತಿರುಗುತ್ತಾರೆ. ಬೋಗುಣಿ ಆಗಲೇ ಮುಂದೆ ಚಾಚಿರುತ್ತದೆ.