ನೀನು ಹೇಳಿದ್ದೇ ಸರಿ

ತೊಟ್ಟಿ ತೊಳೆಯುವವನ ಹೆಂಡತಿಗೆ ಎರಡು ಕೆಲಸ. ಗಂಡ ಒಳಗಿಳಿದಾಗ ರಾಟೆಯ ಹಗ್ಗ ಹಿಡಿದು ಮೇಲೆ ಕೂರುವುದು, ಅವನು ಹತ್ತಿ ಬರುವವರೆಗೂ ಅವನೊಡನೆ ಜಗಳ ಆಡುವುದು. ಬಹಳ ದಿನ ಮುಚ್ಚಿಟ್ಟ ಕಬ್ಬಿಣದ ತೊಟ್ಟಿಯಲ್ಲಿ ತುಕ್ಕೇ ಆಮ್ಲಜನಕವನ್ನು ತಿಂದುಬಿಟ್ಟಿರುತ್ತದೆ. ವಾಸನೆಯಿಲ್ಲ, ಕೆಮ್ಮಿಲ್ಲ, ಒಳಗಿರುವವನಿಗೆ ಗೊತ್ತೇ ಆಗುವುದಿಲ್ಲ. ದನಿ ಕೇಳುತ್ತಿದ್ದರೆ ಮೇಲಿರುವವಳಿಗೆ ಧೈರ್ಯ. ಮಾತಾದರೆ ಬೇಗ ಮುಗಿದುಹೋಗುತ್ತದೆ, ಜಗಳ ಮುಗಿಯುವುದಿಲ್ಲ. ಅದೂ ಆ ಗಂಡಸು ಮದುವೆಯಾದಂದಿನಿಂದ ಒಂದಕ್ಕೂ ಹೂಂ ಅಂದವನಲ್ಲ. ಬಿಸಿಲು ಜೋರಿದೆ ಅಂದರೂ "ಯಾರು ಹೇಳಿದ್ದು?" ಅನ್ನುವವನು.

ಅವತ್ತು ಸೋಪಿನ ಕಾರ್ಖಾನೆಯ ಹಳೇ ತೊಟ್ಟಿ.

"ಗಾಳಿ ಫ್ಯಾನು ಹಾಕದೆ ಇಳೀಬೇಡಿ."

"ನಿನ್ನ ಬಾಯಿಂದ ಬರೋ ಗಾಳಿ ಸಾಲದಾ?"

ಹಾಗೆಂದರೂ ಫ್ಯಾನು ಹಾಕಿಸಿಕೊಂಡು, ಸೊಂಟಕ್ಕೆ ರಾಟೆಯ ಹಗ್ಗದ ಪಟ್ಟಿ ಬಿಗಿದು ಇಳಿದ. ಅವಳು ಹಳೇ ವಿಷಯ ತೆಗೆದಳು.

"ನಮ್ಮಮ್ಮ ಈ ಸಲ ಬಂದ್ರೆ ನಮ್ಮಲ್ಲೇ ಇರ್ತಾಳೆ."

"ಹಾಗಾದ್ರೆ ನಾನು ಈ ತೊಟ್ಟೀಲೇ ಇರ್ತೀನಿ!"

ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಿದ್ದ ವಾಚ್‌ಮನ್ ಕಿಸಕ್ಕೆಂದ. ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು.

"ರೀ, ಮೇಲೆ ಬನ್ನಿ."

"ಒಂದು ಮೂಲೆ ಬಾಕಿ ಇದೆ, ಬಾಯ್ಮುಚ್ಕೊಂಡಿರು."

ಅವಳು ಮುಚ್ಚಲಿಲ್ಲ. "ಮುಂದಿನ ರೂಮು ಅಮ್ಮನಿಗೇ."

ಉತ್ತರ ತಡವಾಯಿತು. ಆಮೇಲೆ ಒಳಗಿಂದ ಕಿಲಕಿಲ ನಗು. "ಕೊಡು ಕೊಡು. ಪಾಪ, ಅತ್ತೆ. ನೀನು ಹೇಳಿದ್ದೇ ಸರಿ ಕಣೇ."

ಅವಳು ಜನ್ಮವೆಲ್ಲ ಕಾದಿದ್ದ ಮಾತು. ಇನ್ನೊಮ್ಮೆ ಹೇಳಿಸಿ ಕೇಳುವ ಆಸೆಯೂ ಆಯಿತೆನ್ನಿ. ಆದರೆ ಕೈ ಆಗಲೇ ರಾಟೆಯ ಮೇಲಿತ್ತು. "ಬನ್ನಿ ಅಣ್ಣಾ, ತಿರುಗಿಸಿ! ಇವರು ಒಪ್ಕೊಂಡ್ಬಿಟ್ರು!" ವಾಚ್‌ಮನ್‌ಗೆ ತಲೆಬುಡ ತಿಳಿಯಲಿಲ್ಲ. ಆದರೂ ತಿರುಗಿಸಿದ. ಒದ್ದೆ ಮೂಟೆಯ ಹಾಗೆ ಮೇಲೆ ಬಂದವನ ತುಟಿ ನೀಲಿಗಟ್ಟಿತ್ತು, ಮುಖದಲ್ಲಿ ಇನ್ನೂ ನಗು.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕ ಇಟ್ಟರು, ಸೋಡಿಯಂ, ಪೊಟ್ಯಾಸಿಯಂ ಲವಣ ಎಷ್ಟಿದೆ ನೋಡಲು ಮತ್ತೆ ಮತ್ತೆ ರಕ್ತ ತೆಗೆದರು. ಡಾಕ್ಟರಮ್ಮ ಬಿಡಿಸಿ ಹೇಳಿದಳು: "ಮಿದುಳು ಏನನ್ನೂ ಕೂಡಿಟ್ಕೊಳ್ಳಲ್ಲಮ್ಮ. ಆಮ್ಲಜನಕ ನಿಂತ್ರೆ ಕೆಲಸ ಮಾಡೋದಕ್ಕೆ ಶಕ್ತಿ ಇಲ್ಲ. ಅದರ ಒಂದೊಂದು ಜೀವಕೋಶದಲ್ಲೂ ಸೋಡಿಯಂ ಹೊರಗೆ ತಳ್ಳೋ ಪಂಪು ಇರುತ್ತೆ. ಅದು ನಿಂತ್ರೆ ಸೋಡಿಯಂ ಒಳಗೆ ನುಗ್ಗುತ್ತೆ, ಪೊಟ್ಯಾಸಿಯಂ ಹೊರಗೆ ಸೋರುತ್ತೆ. ಹಿಂದೇನೇ ನೀರು ನುಗ್ಗಿ ಕೋಶ ಊದ್ಕೊಳ್ಳುತ್ತೆ. ಅದಕ್ಕೂ ಮೊದಲೇ ಬುದ್ಧಿ ಮಂಕಾಗುತ್ತೆ. ಸುಮ್ಮಸುಮ್ನೆ ನಗು, ಎಲ್ಲಾದಕ್ಕೂ ಹೂಂ."

"ಕರೆಂಟು ಹೋದ್ರೆ ನಮ್ಮ ಪಂಪೂ ಹಾಗೇ. ಊತ ಬಂದಿದ್ಯಾ ಡಾಕ್ಟ್ರೇ?"

"ಬೇಗ ಎಳೆದಿದ್ದೀರಿ. ಪೂರ್ತಿ ಎಚ್ಚರ ಆಗಲಿ, ನೋಡೋಣ."

ಅವನು ಕಣ್ಣು ಬಿಟ್ಟ. ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಮೆತ್ತಗೆ ತಲೆಯಾಡಿಸಿದ. ನೋವಿದೆಯಾ? ಹೂಂ. ಇಲ್ಲವಾ? ಹೂಂ. ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಇಂಥ ಒಳ್ಳೆಯ ಗಂಡನನ್ನು ಕಟ್ಟಿಕೊಂಡು ಬಾಳುವುದು ಹೇಗೆ? ಅವನ ಕಿವಿಯ ಹತ್ತಿರ ಬಗ್ಗಿದಳು.

"ರೀ, ಮುಂದಿನ ರೂಮು ನಮ್ಮಮ್ಮನಿಗೆ ಕೊಟ್ಟಿದ್ದೀರಿ."

ಅವನ ಹುಬ್ಬು ನಿಧಾನವಾಗಿ ಗಂಟಿಕ್ಕಿತು. ಕೈ ಎತ್ತಿ ಮುಖದ ಮೇಲಿನ ಮಾಸ್ಕನ್ನು ಸರಿಸಿದ.

"ಯಾವನು ಕೊಟ್ಟಿದ್ದು?"

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಡಾಕ್ಟರಮ್ಮನ ಕಡೆ ತಿರುಗಿದಳು. "ಮಿದುಳು ಸರಿಯಾಗಿದೆ." ಆಮೇಲೆ ಗಂಡನಿಗೆ, "ವಾಚ್‌ಮನ್ ಸಾಕ್ಷಿ ಇದ್ದಾರೆ. ಉಳಿದ ಜಗಳ ಮನೇಲಿ ಆಡೋಣ, ಮೊದಲು ಅದನ್ನ ಮೂಗಿಗೆ ಹಾಕ್ಕೊಳ್ಳಿ."